ಅರ್ಜಿ ಕೊಟ್ಟ ಮೇಲೆ ಆಕೆ ಎಲ್ಲಿಗೆ ಹೋದಳು?

ನಮ್ಮ ಕಡೆ ಗಂಡನ ಹೊಡೆತ ತಾಳಲಾರದೆ ಠಾಣೆಗೆ ಬಂದ ಹೆಂಗಸಿಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಹಿರಿಯರಿಗೆ ಹೇಳಿದ್ದೀರಾ?’ ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಮನೆಯ ಮಾತು ಮನೆಯಲ್ಲೇ ಮುಗಿದರೆ ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆ, ಅಷ್ಟೇ. ಆದರೆ ಬಾಗಲಕೋಟೆ ಜಿಲ್ಲೆಯ ನೇಕಾರರ ಊರುಗಳಲ್ಲಿ, ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರದ ಓಣಿಗಳಲ್ಲಿ, ಒಬ್ಬಳು ಠಾಣೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹಿರಿಯರ ಸರದಿ ಮುಗಿದು ಎಷ್ಟೋ ಕಾಲವಾಗಿರುತ್ತದೆ. ಮೊದಲು ಅತ್ತೆಗೆ ಹೇಳಿರುತ್ತಾಳೆ. ಆಮೇಲೆ ತವರಿನ ಅಣ್ಣನಿಗೆ, ಸಂಬಂಧ ಕುದುರಿಸಿದ ಸೋದರಮಾವನಿಗೆ, ಕೊನೆಗೆ ಸಮಾಜದ ಪಂಚರಿಗೆ. ಎಲ್ಲರೂ ‘ಸುಧಾರಿಸಿಕೊಂಡು ಹೋಗು’ ಎಂದಿರುತ್ತಾರೆ. ಸುಧಾರಿಸಿಕೊಂಡು ಸಾಕಾದವಳೇ ಇಲ್ಲಿಗೆ ಬಂದಿರುವುದು. ಅವಳನ್ನು ಆ ಒಂದು ಪ್ರಶ್ನೆ ಹೊರಟಲ್ಲಿಗೇ ವಾಪಸು ಕಳುಹಿಸುತ್ತದೆ.

ನಾನು ತಾಲೂಕು ಕಾನೂನು ಸೇವಾ ಸಮಿತಿಯ ಅರೆಕಾನೂನು ಸ್ವಯಂಸೇವಕಿ. ವಕೀಲೆಯಲ್ಲ, ಸರ್ಕಾರಿ ನೌಕರಳೂ ಅಲ್ಲ. ಪಾಳಿ ಬಂದ ದಿನ ಠಾಣೆಯ ಮೂಲೆಯ ಬೆಂಚಿನಲ್ಲಿ ಕುಳಿತು ಅರ್ಜಿ ಬರೆದುಕೊಡುವುದು, ಯಾವ ಕಚೇರಿ ಎಲ್ಲಿದೆ ಎಂದು ಹೇಳುವುದು, ಬೇಕಾದರೆ ಜೊತೆಗೆ ಹೋಗುವುದು ನನ್ನ ಕೆಲಸ. ಈ ಬರಹದಲ್ಲಿ ಬರುವ ಹೆಂಗಸರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಠಾಣೆಯ ಹೆಸರನ್ನೂ ಹೇಳುವುದಿಲ್ಲ. ಒಂದು ಠಾಣೆಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವೂ ಅಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20ರ ಆಸುಪಾಸಿನಲ್ಲಿತ್ತು. ಹೊಡೆತ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆ ಪಂಡಿತರಿಗಿರಲಿ. ನನಗೆ ಮುಖ್ಯವಾಗಿ ಕಂಡದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಅವರಲ್ಲಿ ಹೆಚ್ಚಿನವರು ಹೋದದ್ದು ತವರಿಗೆ. ಪೊಲೀಸರ ಬಳಿಗೆ ಬರುವವರು ಅದರಲ್ಲೂ ತೀರಾ ಕಡಿಮೆ. ಅಷ್ಟು ಜರಡಿಗಳನ್ನು ದಾಟಿ ಬಂದವಳು ಠಾಣೆಯಲ್ಲಿ ಕಳೆಯುವ ಆ ಒಂದು ಗಂಟೆಗೆ ಎಷ್ಟು ಬೆಲೆಯಿದೆ ಎಂದು ಯೋಚಿಸಿ.

ಬಂದವಳು ಕೇಳುವುದಾದರೂ ಏನು? ‘ಕೇಸ್ ಬೇಡ ಸಾಹೇಬರೇ, ಒಮ್ಮೆ ಕರೆಸಿ ಬುದ್ಧಿ ಹೇಳಿ.’ ಹತ್ತರಲ್ಲಿ ಎಂಟು ಮಂದಿಯ ಬಾಯಲ್ಲಿ ಇದೇ ಮಾತು. ಗಂಡ ಜೈಲಿಗೆ ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಒಲೆ ನಿಲ್ಲುತ್ತದೆ, ಅವನು ಹೊರಬಂದ ಮೇಲಿನ ಸಿಟ್ಟಿಗೆ ಮತ್ತೆ ತಾನೇ ಗುರಿ. ಈ ಲೆಕ್ಕವೆಲ್ಲ ಅವಳಿಗೆ ಗೊತ್ತು. ಪೊಲೀಸರಿಗೂ ಈ ಬೇಡಿಕೆ ಹಗುರವಾಗಿ ಕಾಣುತ್ತದೆ. ಗಂಡನನ್ನು ಕರೆಸುತ್ತಾರೆ, ಗದರಿಸುತ್ತಾರೆ, ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಅರ್ಜಿಗೆ ಹಿಂಬರಹ, ಅಂದರೆ ವಿಷಯ ಮುಗಿಯಿತೆಂಬ ಲಿಖಿತ ಉತ್ತರ, ಕೊಟ್ಟು ಮುಗಿಸುತ್ತಾರೆ. ಕಾಗದದ ಮಟ್ಟಿಗೆ ವಿಷಯ ಇತ್ಯರ್ಥ. ಗಂಡ ಹೆಂಡತಿ ಒಂದೇ ಬೈಕಿನಲ್ಲಿ ಮನೆಗೆ ಹೊರಡುತ್ತಾರೆ. ಆ ಬೈಕು ಠಾಣೆಯ ಗೇಟು ದಾಟುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಠಾಣೆಯಲ್ಲಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಿದವನು ಆ ಅವಮಾನವನ್ನು ಮನೆಯಲ್ಲಿ ಯಾರ ಮೇಲೆ ತೀರಿಸಿಕೊಳ್ಳುತ್ತಾನೆ ಎಂದು ಊಹಿಸಲು ಕಾನೂನು ಓದಬೇಕಿಲ್ಲ.

ಪೊಲೀಸರ ಪರವಾಗಿಯೂ ಎರಡು ಮಾತು ಹೇಳಬೇಕು. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ದಾಖಲು ಕಡ್ಡಾಯ ಎಂದಿತು. ಆದರೆ ವೈವಾಹಿಕ ತಕರಾರುಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶ ಬಿಟ್ಟಿತು. ಮರುವರ್ಷದ ಅರ್ನೇಶ್ ಕುಮಾರ್ ತೀರ್ಪು ವರದಕ್ಷಿಣೆ, ಕ್ರೌರ್ಯದ ಪ್ರಕರಣಗಳಲ್ಲಿ ಕಣ್ಣು ಮುಚ್ಚಿ ಬಂಧಿಸಬಾರದು ಎಂದಿತು. ಎರಡಕ್ಕೂ ಅದರದೇ ಕಾರಣಗಳಿವೆ. ಆದರೆ ಠಾಣೆಯ ಮಟ್ಟಕ್ಕೆ ಇಳಿಯುವಾಗ ಇವೆರಡೂ ಸೇರಿ ‘ಗಂಡ ಹೆಂಡಿರ ವಿಷಯದಲ್ಲಿ ಅವಸರ ಬೇಡ’ ಎಂಬ ಒಂದೇ ಮಾತಾಗಿ ಇಳಿದಿವೆ. ಅದರ ಮೇಲೆ ಬಂದೋಬಸ್ತ್. ಬಾದಾಮಿಯ ಬನಶಂಕರಿ ಜಾತ್ರೆ ಬಂತೆಂದರೆ, ಚುನಾವಣೆ ಬಂತೆಂದರೆ, ಕಬ್ಬಿನ ದರದ ಹೋರಾಟ ಬಂತೆಂದರೆ ಠಾಣೆಯ ಮಹಿಳಾ ಸಿಬ್ಬಂದಿಯೆಲ್ಲ ಅಲ್ಲಿ. ಉಳಿದ ಒಬ್ಬ ಎಎಸ್‌ಐ ಫೋನು ಎತ್ತಬೇಕು, ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಬೇಕು, ಸಮನ್ಸ್ ಕಳುಹಿಸಬೇಕು. ಅಂಥ ದಿನ ಬಂದವಳ ಪಾಡು ಅವಳ ಅದೃಷ್ಟ.

ಹೀಗೆ ಒಂದೋ ಎಫ್‌ಐಆರ್, ಇಲ್ಲವೋ ರಾಜಿ ಎಂದು ಎರಡೇ ದಾರಿಗಳು ಕಾಣುವ ಜಾಗದಲ್ಲಿ ಕಾನೂನು ಮೂರನೆಯ ದಾರಿಯೊಂದನ್ನು ಇಟ್ಟು ಎಷ್ಟೋ ವರ್ಷಗಳಾಗಿವೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಗಂಡನನ್ನು ಜೈಲಿಗೆ ಕಳುಹಿಸದೆಯೇ ‘ಇವಳನ್ನು ಹೊಡೆಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಹಣ ಕೊಡು, ಮಕ್ಕಳನ್ನು ಅವಳ ಬಳಿ ಬಿಡು’ ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದಾದ ಕಾಯ್ದೆ ಇದು. ‘ಕೇಸ್ ಬೇಡ, ಬುದ್ಧಿ ಹೇಳಿ’ ಎನ್ನುವವಳಿಗೆ ಬೇಕಾದದ್ದು ಹೆಚ್ಚು ಕಡಿಮೆ ಇದೇ. ಬುದ್ಧಿ ಹೇಳುವವರು ನ್ಯಾಯಾಧೀಶರು, ಅದೂ ಲಿಖಿತವಾಗಿ. ಅದರ 5ನೇ ಕಲಂ ಓದಿ ನೋಡಿ. ದೂರು ತಲುಪಿದ ಪೊಲೀಸ್ ಅಧಿಕಾರಿ ಆ ಮಹಿಳೆಗೆ ತಿಳಿಸಲೇಬೇಕಾದ ಸಂಗತಿಗಳು ಅಲ್ಲಿವೆ: ಈ ಕಾಯ್ದೆಯಡಿ ಪರಿಹಾರ ಕೇಳುವ ಹಕ್ಕು, ಸಂರಕ್ಷಣಾಧಿಕಾರಿ (ಅವಳ ದೂರನ್ನು ಮ್ಯಾಜಿಸ್ಟ್ರೇಟರಿಗೆ ತಲುಪಿಸುವ ಅಧಿಕಾರಿ) ಯಾರು, ನೆರವು ನೀಡುವ ಸಂಸ್ಥೆಗಳು ಯಾವುವು, ಉಚಿತ ಕಾನೂನು ಸೇವೆ, ಮತ್ತು ಬೇಕಿದ್ದರೆ ಕ್ರೌರ್ಯದ ಕಲಂ ಅಡಿ ಕ್ರಿಮಿನಲ್ ದೂರು ಕೊಡುವ ಹಕ್ಕು. ಆಗ ಭಾರತೀಯ ದಂಡ ಸಂಹಿತೆಯ 498ಎ ಎನ್ನುತ್ತಿದ್ದ ಆ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 85. ತಿಳಿಸಿದರೆ ಒಳ್ಳೆಯದು ಎಂದಲ್ಲ, ತಿಳಿಸತಕ್ಕದ್ದು ಎಂದೇ ಇದೆ. ಅಪರಾಧ ನಡೆದಿದ್ದರೆ ಪ್ರಕರಣ ದಾಖಲಿಸುವ ಹೊಣೆ ಇದರಿಂದ ತಪ್ಪುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ.

ಸಂರಕ್ಷಣಾಧಿಕಾರಿ ಎಂಬ ಹೆಸರು ಕೇಳಿ ಬೇರೆಯೇ ದೊಡ್ಡ ಕಚೇರಿ ಇರಬಹುದೆಂದುಕೊಳ್ಳಬೇಡಿ. ತಾಲೂಕು ಮಟ್ಟದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಎಲ್ಲರೂ ಸಿಡಿಪಿಒ ಎನ್ನುವವರದು. ಅಂಗನವಾಡಿಯ ಮೊಟ್ಟೆ, ಪೌಷ್ಟಿಕ ಆಹಾರ, ಬಾಲ್ಯವಿವಾಹ ತಡೆ, ಕಾರ್ಯಕರ್ತೆಯರ ಗೌರವಧನದ ಗಲಾಟೆ, ಈ ಎಲ್ಲದರ ನಡುವೆ ಇದೂ ಒಂದು. ಅಂಗನವಾಡಿಯ ಮೇಡಂ ನನ್ನ ಗಂಡನ ವಿಷಯದಲ್ಲಿ ಏನು ಮಾಡಿಯಾರು ಎಂದು ಹೆಂಗಸರು ಕೇಳುತ್ತಾರೆ. ತಪ್ಪು ಅವರದಲ್ಲ, ಯಾರೂ ಹೇಳಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಜಿಲ್ಲೆ ಮತ್ತು ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಲು ಗಡುವು ಕೊಟ್ಟು ಆದೇಶಿಸಬೇಕಾಯಿತು. ಕಾಯ್ದೆ ಬಂದು ಹದಿನೆಂಟು ವರ್ಷ ಕಳೆದ ಮೇಲೂ!

ಆ ಅಧಿಕಾರಿ ತುಂಬುವ ಕಾಗದವೊಂದಿದೆ, ಕೌಟುಂಬಿಕ ಘಟನಾ ವರದಿ. ನಮೂನೆ 1. ಸರ್ಕಾರಿ ನಮೂನೆಗಳ ಬಗ್ಗೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ಆದರೆ ಇದನ್ನು ಬರೆದವರು ಮನೆಯೊಳಗಿನ ಹಿಂಸೆಯನ್ನು ಬಲ್ಲವರು ಎಂದು ಓದಿದಾಗಲೆಲ್ಲ ಅನ್ನಿಸುತ್ತದೆ. ದೈಹಿಕ ಹಿಂಸೆ ಒಂದು ಭಾಗ ಮಾತ್ರ. ಗಂಡುಮಗು ಹೆರಲಿಲ್ಲವೆಂದು ಹೀಯಾಳಿಸುವುದು, ವರದಕ್ಷಿಣೆ ತರಲಿಲ್ಲವೆಂದು ಚುಚ್ಚುವುದು, ಮನೆ ಬಿಟ್ಟು ಹೊರಗೆ ಹೋಗಗೊಡದಿರುವುದು, ಊಟ ಬಟ್ಟೆ ಔಷಧಕ್ಕೆ ಹಣ ಕೊಡದಿರುವುದು, ದುಡಿದ ಕೂಲಿಯನ್ನು ಕಿತ್ತುಕೊಳ್ಳುವುದು, ಸ್ತ್ರೀಧನವನ್ನು ಕೇಳದೆ ಅಡವಿಡುವುದು, ಎಲ್ಲಕ್ಕೂ ಪ್ರತ್ಯೇಕ ಸಾಲುಗಳಿವೆ.

ಬನಹಟ್ಟಿ ಕಡೆಯ ಒಬ್ಬಳ ಜೊತೆ ಕುಳಿತು ಆ ನಮೂನೆ ತುಂಬಿದ್ದು ನೆನಪಿದೆ. ಮನೆಯ ಮುಂಭಾಗದಲ್ಲೇ ವಿದ್ಯುತ್ ಮಗ್ಗಗಳು, ಹಿಂದೆ ಅಡುಗೆಮನೆ. ಗಂಡ ಸೀರೆ ನೇಯುತ್ತಾನೆ, ಅವಳು ಕಂಡಿಕೆ, ಅಂದರೆ ಮಗ್ಗಕ್ಕೆ ಬೇಕಾದ ನೂಲಿನ ಉರುಳೆ, ಸುತ್ತುತ್ತಾಳೆ. ಮಗ್ಗ ಓಡುವಾಗ ಆ ಮನೆಯಲ್ಲಿ ಪಕ್ಕದವರ ಮಾತೂ ಕೇಳಿಸದು. ‘ನೆರೆಯವರು ಯಾರಾದರೂ ಕೇಳಿಸಿಕೊಂಡಿದ್ದಾರೆಯೇ?’ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು: ‘ಅವನು ಹೊಡೆಯುವ ಮೊದಲು ಮಗ್ಗ ಚಾಲೂ ಮಾಡುತ್ತಾನೆ.’ ಬರೆಯುತ್ತಿದ್ದ ಸಿಬ್ಬಂದಿ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಣದ ಭಾಗ ಬಂತು. ಕಂಡಿಕೆ ಸುತ್ತಿದ್ದಕ್ಕೆ ನಿಮಗೆ ಕೂಲಿ ಎಷ್ಟು ಎಂದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಯ ಕೆಲಸಕ್ಕೆ ಯಾರು ಕೂಲಿ ಕೊಡುತ್ತಾರೆ? ಮದುವೆಯಾದಾಗಿನಿಂದ ಬೆಳಗ್ಗೆಯಿಂದ ಸಂಜೆಯ ತನಕ ಸುತ್ತಿದ ನೂಲು ಯಾವ ಲೆಕ್ಕದಲ್ಲೂ ಇರಲಿಲ್ಲ. ತಾಳಿಯೊಂದನ್ನು ಬಿಟ್ಟು ತವರಿನ ಬಂಗಾರವೆಲ್ಲ ಹೊಸ ಮಗ್ಗಕ್ಕೆ ಹೋಗಿತ್ತು. ಮಗ್ಗ ಮಾವನ ಹೆಸರಿನಲ್ಲಿತ್ತು. ‘ಇದೂ ಹಿಂಸೆಯೇ?’ ಎಂದು ಅವಳು ಕೇಳಿದಳು. ಅಲ್ಲಿಯವರೆಗೆ ಅವಳ ಪಾಲಿಗೆ ಹಿಂಸೆಯೆಂದರೆ ಬೆನ್ನ ಮೇಲಿನ ಬಾಸುಂಡೆ ಮಾತ್ರ.

ಠಾಣೆಯಲ್ಲಿ ಅವಳ ಅರ್ಜಿ ‘ಗಂಡ ಕುಡಿದು ಬಂದು ಹೊಡೆಯುತ್ತಾನೆ, ತಿಳಿ ಹೇಳಬೇಕು’ ಎಂಬ ಒಂದು ಸಾಲಿನದಾಗಿತ್ತು. ಅದೇ ಅರ್ಜಿ ಇನ್ನೊಂದು ಮೇಜಿಗೆ ತಲುಪಿದಾಗ ಅಷ್ಟು ಪುಟಗಳಾಯಿತು. ತಲುಪದಿದ್ದರೆ ಆ ಒಂದು ಸಾಲಿಗೇ ಹಿಂಬರಹ ಬಿದ್ದಿರುತ್ತಿತ್ತು.

ತಲುಪುವುದು ಎಂಬುದರಲ್ಲೇ ಎಲ್ಲ ಇದೆ. ಅದು ತಪ್ಪುವುದೂ ಅಲ್ಲೇ. ಹೆಚ್ಚಿನ ಕಡೆ ಮಾಹಿತಿ ಕೊಡುವುದೆಂದರೆ ಗೋಡೆಯ ಮೇಲಿನ ಫಲಕ ತೋರಿಸುವುದು: 112 ತುರ್ತಿಗೆ, 181 ಮಹಿಳಾ ಸಹಾಯವಾಣಿ, 15100 ಕಾನೂನು ಸೇವೆಗೆ. ಮೂರೂ ಉಪಯೋಗದ ಸಂಖ್ಯೆಗಳೇ. ಆದರೆ ಮೊಬೈಲ್ ಗಂಡನ ಕೈಯಲ್ಲಿರುವವಳಿಗೆ ಅವು ಗೋಡೆಯ ಮೇಲೆಯೇ ಉಳಿಯುತ್ತವೆ. ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಅಪಾಯ. ಕುಪ್ಪಸದಲ್ಲಿಟ್ಟ ಚೀಟಿ ಸಿಕ್ಕಿದ ರಾತ್ರಿ ಏನಾಯಿತು ಎಂದು ಒಬ್ಬಳು ಕೈ ತೋರಿಸಿ ಹೇಳಿದ್ದಳು. ನಮ್ಮ ಠಾಣೆಯ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಇದಕ್ಕೆ ತನ್ನದೇ ಉಪಾಯ ಮಾಡಿಕೊಂಡಿದ್ದಾಳೆ. ಚೀಟಿ ಕೊಡುವುದಿಲ್ಲ. ಬಂದವಳ ಎದುರಿಗೇ ಠಾಣೆಯ ಫೋನಿನಿಂದ ಸಿಡಿಪಿಒ ಕಚೇರಿಗೋ ಸಖಿ ಕೇಂದ್ರಕ್ಕೋ ಕರೆ ಮಾಡುತ್ತಾಳೆ, ಆ ಕಡೆಯವರ ಹೆಸರು ಕೇಳಿ ಅವಳ ಕೈಗೆ ಫೋನು ಕೊಡುತ್ತಾಳೆ. ‘ನಾಳೆ ಹನ್ನೊಂದಕ್ಕೆ ಬನ್ನಿ, ನಾನೇ ಇರುತ್ತೇನೆ’ ಎಂದು ಹೆಸರುಳ್ಳ ಒಬ್ಬರು ಹೇಳಿದರೆ ಅವಳು ಹೋಗುತ್ತಾಳೆ. ಆಕೆ ಹೊರಡುವ ಮುನ್ನ ‘ಯಾವ ಹೊತ್ತಿಗೆ ಫೋನು ಮಾಡಿದರೆ ನೀವೇ ಎತ್ತುತ್ತೀರಿ?’ ಎಂದು ಕಾನ್‌ಸ್ಟೆಬಲ್ ಕೇಳಿಕೊಳ್ಳುತ್ತಾಳೆ. ಈ ಪ್ರಶ್ನೆ ಯಾವ ಸುತ್ತೋಲೆಯಿಂದಲೂ ಬಂದದ್ದಲ್ಲ. ಅವಳಿಗೆ ಇದನ್ನು ಯಾರು ಕಲಿಸಿದರೆಂದು ನಾನು ಕೇಳಲಿಲ್ಲ. ಕೇಳಬಾರದ ಪ್ರಶ್ನೆ ಎನ್ನಿಸಿತು.

ಸಖಿ ಎಂದರೆ ಒಂದೇ ಸೂರಿನಡಿ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ಪೊಲೀಸ್ ನೆರವು, ತಾತ್ಕಾಲಿಕ ವಸತಿ ಎಲ್ಲ ಸಿಗಬೇಕೆಂದು 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ನಮಗೆ ಅದಿರುವುದು ಜಿಲ್ಲಾ ಕೇಂದ್ರದಲ್ಲಿ. ರಬಕವಿಯಿಂದಲೋ ತೇರದಾಳದಿಂದಲೋ ಬಾಗಲಕೋಟೆಗೆ ಬಸ್ಸಿನಲ್ಲಿ ಎರಡೂವರೆ ಗಂಟೆಗೆ ಕಡಿಮೆಯಿಲ್ಲ. ಆಲಮಟ್ಟಿಯ ಹಿನ್ನೀರು ಹಳೆ ಊರನ್ನು ನುಂಗಿದ ಮೇಲೆ ಕಟ್ಟಿದ ನವನಗರದಲ್ಲಿ ಸೆಕ್ಟರುಗಳ ಸಂಖ್ಯೆ ಹಿಡಿದು ಕಚೇರಿ ಹುಡುಕುವುದು ಓದಿದವರಿಗೇ ಕಷ್ಟ. ಶಕ್ತಿ ಯೋಜನೆಯಿಂದ 2023ರಿಂದೀಚೆಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿದೆ, ಇದು ಸಣ್ಣ ಮಾತಲ್ಲ. ಆದರೆ ಉಚಿತ ಟಿಕೆಟಿಗೆ ಗುರುತಿನ ಚೀಟಿ ತೋರಿಸಬೇಕು. ಹೊಡೆಯುವ ಗಂಡಂದಿರು ಮೊದಲು ಅಡಗಿಸಿಡುವುದು ಆಧಾರ್ ಕಾರ್ಡನ್ನೇ. ಗೃಹಲಕ್ಷ್ಮಿಯ ಎರಡು ಸಾವಿರವೂ ಹಾಗೆಯೇ: ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಯಾರೆಂದಿದೆಯೋ ಅವರಿಗೆ ಬರುತ್ತದೆ, ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆಗೆ. ಸೊಸೆ ಹೊರಬಿದ್ದರೆ ಬರಿಗೈ.

ಇನ್ನು ಸಂಘದ ಸಾಲ. ವಾರದ ಕಂತಿನ ಸಾಲಗಳು ಹೆಂಗಸರ ಹೆಸರಿನಲ್ಲಿರುತ್ತವೆ, ಒಬ್ಬರಿಗೊಬ್ಬರು ಜಾಮೀನು. ಅವಳು ಊರು ಬಿಟ್ಟರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಹೊಡೆತವನ್ನು ಕಣ್ಣಾರೆ ಕಂಡ ಗೆಳತಿಯರೇ ‘ಕಂತು ಮುಗಿಯುವ ತನಕ ಇರು’ ಎನ್ನುತ್ತಾರೆ. ಇದು ಯಾವ ಅರ್ಜಿಯಲ್ಲೂ ಬರೆಯಲ್ಪಡದ ಸಂಗತಿ. ಠಾಣೆಯಲ್ಲಿ ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?’ ಎಂದು ಕೇಳುವವರಿಗೆ ಒಮ್ಮೆ ಕಂತಿನ ಪುಸ್ತಕ ತೋರಿಸಬೇಕು ಎನ್ನಿಸುತ್ತದೆ.

ಸಖಿಯಲ್ಲಿ ತಂಗಲು ಸಾಮಾನ್ಯವಾಗಿ ಐದು ದಿನ. ಆಮೇಲೆ ಮೊದಲು ಸ್ವಾಧಾರ ಗೃಹ ಎನ್ನುತ್ತಿದ್ದ, ಈಗ ಶಕ್ತಿ ಸದನ ಎನ್ನುವ ಕಡೆಗೆ, ಇಲ್ಲವೇ ತವರಿಗೆ. ಗಂಡುಮಕ್ಕಳನ್ನು ಇಟ್ಟುಕೊಳ್ಳಲು ವಯಸ್ಸಿನ ಮಿತಿಯಿದೆ. ಬೆಳೆದ ಮಗನನ್ನು ಎಲ್ಲಿ ಬಿಡಲಿ ಎಂಬ ಒಂದೇ ಕಾರಣಕ್ಕೆ ಬಾಗಿಲವರೆಗೆ ಬಂದು ತಿರುಗಿ ಹೋದವರಿದ್ದಾರೆ.

ಗಡಿಯ ತಕರಾರು ನಮ್ಮ ಕಡೆ ಇನ್ನೊಂದು ಬಗೆಯದು. ಇಲ್ಲಿಯ ನೇಕಾರ ಮನೆಗಳ ಹೆಣ್ಣುಮಕ್ಕಳು ಇಚಲಕರಂಜಿಗೆ, ಸಾಂಗಲಿಗೆ, ಸೊಲ್ಲಾಪುರಕ್ಕೆ ಮದುವೆಯಾಗಿ ಹೋಗುವುದು ಹಳೆಯ ರೂಢಿ. ಏಟು ತಿಂದು ತವರಿಗೆ ಬಂದವಳು ಇಲ್ಲಿಯ ಠಾಣೆಗೆ ಹೋದರೆ ‘ಘಟನೆ ನಡೆದದ್ದು ಮಹಾರಾಷ್ಟ್ರದಲ್ಲಿ, ಅಲ್ಲಿಯೇ ಕೊಡಿ’ ಎಂಬ ಉತ್ತರ. ಅವಳು ಯಾವ ಮನೆಯಿಂದ ಓಡಿ ಬಂದಳೋ ಅದೇ ಓಣಿಯ ಠಾಣೆಗೆ ಅರ್ಜಿ ಹಿಡಿದು ಹೋಗಬೇಕಂತೆ. ಇದಕ್ಕೆ ಕಾನೂನಿನ ಆಸರೆ ಇಲ್ಲ. ಆಶ್ರಯ ಪಡೆದ ಜಾಗದಲ್ಲೂ ಕ್ರೌರ್ಯದ ದೂರು ಕೊಡಬಹುದು ಎಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 2005ರ ಕಾಯ್ದೆಯ 27ನೇ ಕಲಂ ಅಂತೂ ಅವಳು ತಾತ್ಕಾಲಿಕವಾಗಿ ನೆಲೆಸಿದ ಊರಿನ ಮ್ಯಾಜಿಸ್ಟ್ರೇಟರಿಗೂ ಅಧಿಕಾರ ಕೊಟ್ಟಿದೆ. 2024ರ ಜುಲೈನಲ್ಲಿ ಬಂದ ನಾಗರಿಕ ಸುರಕ್ಷಾ ಸಂಹಿತೆ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ದಾಖಲಿಸುವುದನ್ನು, ಎಲ್ಲರೂ ಶೂನ್ಯ ಎಫ್‌ಐಆರ್ ಎನ್ನುವುದನ್ನು, ಬರವಣಿಗೆಗೇ ತಂದಿದೆ. ಇಷ್ಟಾದರೂ ಆ ಹಳೆಯ ಉತ್ತರ ಬದಲಾಗಿಲ್ಲ. ಈಗೀಗ ನಾನು ವಾದ ಮಾಡುವುದನ್ನು ಬಿಟ್ಟು ಮುದ್ರಿಸಿದ ಪ್ರತಿಯನ್ನು ಮೇಜಿನ ಮೇಲಿಡುತ್ತೇನೆ. ಬಾಯಿಮಾತಿಗಿಂತ ಕಾಗದಕ್ಕೆ ನಮ್ಮ ಕಚೇರಿಗಳಲ್ಲಿ ಮರ್ಯಾದೆ ಹೆಚ್ಚು.

ಆದೇಶ ಸಿಕ್ಕಿದ ಮೇಲೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಅರ್ಜಿಯ ಮೊದಲ ವಿಚಾರಣೆ ಮೂರು ದಿನದಲ್ಲಿ, ಇತ್ಯರ್ಥಕ್ಕೆ 60 ದಿನದ ಪ್ರಯತ್ನ ಎಂದು ಕಾಯ್ದೆಯಲ್ಲಿದೆ. ನ್ಯಾಯಾಲಯದ ಕಾರಿಡಾರಿನಲ್ಲಿ ಕುಳಿತವರಿಗೆ ಈ ಲೆಕ್ಕ ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಮಧ್ಯಂತರ ಆದೇಶಗಳು ಬರುತ್ತವೆ. ಆದೇಶದ ಪ್ರತಿ ಠಾಣೆಗೂ ಉಚಿತವಾಗಿ ಹೋಗಬೇಕು, ಹೋಗುತ್ತದೆ. ರಕ್ಷಣಾ ಆದೇಶ ಮುರಿದರೆ ಅದೇ ಒಂದು ಅಪರಾಧ. ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜಾಮೀನುರಹಿತ. ಇಲ್ಲಿ ಪೊಲೀಸರ ಕೈಗೆ ನಿಜವಾದ ಬಲ ಬರುತ್ತದೆ. ಆದರೆ ಆ ಪ್ರತಿ ಠಾಣೆಯ ದಾಖಲೆ ಬರೆಯುವ ಸಿಬ್ಬಂದಿಯ ಕಡತದಲ್ಲಿ ಕುಳಿತಿರುತ್ತದೆ. ಆ ಓಣಿಯ ಬೀಟ್ ನೋಡುವ ಪೇದೆಗೆ ಅದರ ಸುದ್ದಿಯೇ ಇರುವುದಿಲ್ಲ. ರಾತ್ರಿ 112ಕ್ಕೆ ಕರೆ ಹೋದಾಗ ಬಂದ ಸಿಬ್ಬಂದಿ ಮತ್ತೆ ಮೊದಲಿನಿಂದ ‘ಏನಾಯಿತು? ಹಿರಿಯರಿಗೆ ಹೇಳಿದ್ದೀರಾ?’ ಎಂದು ಶುರು ಮಾಡುತ್ತಾರೆ. ಈಗ ಪೊಲೀಸರು ಮನೆ ಮನೆಗೆ ಹೋಗುವ ಕಾರ್ಯಕ್ರಮ ರಾಜ್ಯದಲ್ಲಿ ಶುರುವಾಗಿದೆ. ಹೋಗುವ ಮನೆಗಳ ಪಟ್ಟಿಯಲ್ಲಿ ಆದೇಶವಿರುವ ಮನೆಗಳನ್ನು ಮೊದಲು ಇಟ್ಟರೆ ಎಷ್ಟು ಚೆನ್ನ! ಗಂಡನಿಲ್ಲದ ಹೊತ್ತು ನೋಡಿಕೊಂಡು, ಅವಳೊಬ್ಬಳನ್ನೇ ಮಾತನಾಡಿಸುವ ಎಚ್ಚರದೊಂದಿಗೆ.

ತಾಲೂಕು ಮಟ್ಟದ ಒಂದು ಸಭೆಯಲ್ಲಿ ನಾನು ಇಷ್ಟೆಲ್ಲ ಹೇಳದೆ ಒಂದೇ ಒಂದು ಬೇಡಿಕೆ ಇಟ್ಟೆ. ಠಾಣೆಯ ಅರ್ಜಿ ಪುಸ್ತಕದಲ್ಲಿ ಅರ್ಜಿದಾರರ ಹೆಸರು, ಎದುರುದಾರರ ಹೆಸರು, ವಿಷಯ, ಕೊನೆಗೆ ಹಿಂಬರಹದ ದಿನಾಂಕ ಎಂಬ ಅಂಕಣಗಳಿರುತ್ತವೆ. ಇನ್ನೊಂದು ಅಂಕಣ ಸೇರಿಸಿ: ಎಲ್ಲಿಗೆ ಕಳುಹಿಸಲಾಯಿತು, ಅಲ್ಲಿ ಯಾರು ಬರಮಾಡಿಕೊಂಡರು. ಅಂಕಣ ಖಾಲಿಯಿದ್ದರೆ ತಿಂಗಳ ಪರಿಶೀಲನೆಯಲ್ಲಿ ಯಾರಾದರೂ ಕೇಳುತ್ತಾರೆ, ಕೇಳುತ್ತಾರೆಂಬ ಭಯಕ್ಕಾದರೂ ಫೋನು ಮಾಡುತ್ತಾರೆ. ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು. ‘ಒಳ್ಳೆಯ ಸಲಹೆ ಮೇಡಂ, ಆದರೆ ಅದಕ್ಕೆ ಮೇಲಿನಿಂದ ಆದೇಶ ಬರಬೇಕು’ ಎಂದರು. 5ನೇ ಕಲಂ ಮೇಲಿನಿಂದಲೇ ಬಂದದ್ದಲ್ಲವೇ ಸರ್ ಎಂದೆ. ಪಕ್ಕದಲ್ಲಿದ್ದ ಸಿಡಿಪಿಒ ನಕ್ಕರು, ಅಧಿಕಾರಿಯೂ ನಕ್ಕರು, ಚಹಾ ಬಂತು, ಸಭೆ ಮುಂದಿನ ವಿಷಯಕ್ಕೆ ಹೋಯಿತು. ನಡಾವಳಿಯಲ್ಲಿ ನನ್ನ ಬೇಡಿಕೆ ‘ಪರಿಶೀಲಿಸಲಾಗುವುದು’ ಎಂದು ದಾಖಲಾಗಿದೆ. ಮುಂದಿನ ಸಭೆಗೆ ನಮೂನೆ ಗೆರೆ ಹಾಕಿದ ಒಂದು ಹಾಳೆಯನ್ನೇ ಸಿದ್ಧ ಮಾಡಿಕೊಂಡು ಹೋಗುತ್ತೇನೆ.